ತಂದೆ ತಾಯಿ ಇಬ್ಬರೂ ಇರುವ ಮಕ್ಕಳು

ಲ್ಯಾಟಿನ್ ಕಲಿಸುವ ಕೆಲಸಕ್ಕೆ ಈಗಲೂ ಯಾರಾದರೂ ಬರುತ್ತಾರೆಯೇ ಎಂದರೆ, ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಇಲ್ಲಿ ಅಮೆರಿಕದ ರಾಲಿಯ ಕನ್ನಡದ ಹುಡುಗಿಯೊಬ್ಬಳು ಫೋನ್ ಮಾಡಿ, “ಆಂಟಿ, ಟೀಚಿಂಗ್ ಲೈಸೆನ್ಸ್‌ಗೆ ಅಪ್ಲೈ ಮಾಡಿದೀನಿ, ಲ್ಯಾಟಿನ್‌ಗೇ. ಕೆಲ್ಸ ಹೇಗಿರತ್ತೆ?” ಎಂದು ಕೇಳಿದಳು. “ಚೆನ್ನಾಗಿರತ್ತಮ್ಮ” ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ, ಚಿಕ್ಕ ಹುಡುಗಿಗೆ ಸುಳ್ಳು ಹೇಳಿದೆನಲ್ಲ ಎಂದು ಕಸಿವಿಸಿಯಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಅವಳು ಈ ಕೆಲಸಕ್ಕೆ ಬರುವುದಾದರೆ ಬರಲಿ.

ನಾನು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದವಳು. ಮದುವೆಯಾಗಿ ರಾಲಿಯ ಪಕ್ಕದ ಡರ್ಹಮ್‌ಗೆ ಬಂದಾಗ ನನ್ನ ಸಂಸ್ಕೃತ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಯಜಮಾನರು ಬೆಳಿಗ್ಗೆ ಲ್ಯಾಬಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೂ ಗೋಡೆಯೂ. ಹೊತ್ತು ಹೋಗಲೆಂದು ಕಮ್ಯುನಿಟಿ ಕಾಲೇಜಿನ ಲ್ಯಾಟಿನ್ ತರಗತಿಗೆ ಸೇರಿದೆ. ವಿಭಕ್ತಿಗಳನ್ನು ಬಾಯಿಪಾಠ ಮಾಡಿ ಬೆಳೆದವಳಿಗೆ ಆ ಭಾಷೆ ದೂರದ ನೆಂಟರ ಮನೆಯ ಹಾಗೆ ಕಂಡಿತು. ಹೋದದ್ದು ಮೊದಲ ಸಲವಾದರೂ ಅಡುಗೆಮನೆ ಯಾವ ಕಡೆ ಎಂದು ಕೇಳಬೇಕಾಗಲಿಲ್ಲ. ನಮ್ಮ ಮಾತೃ ಅಲ್ಲಿ ಮಾತೆರ್, ನಮ್ಮ ಪಿತೃ ಅಲ್ಲಿ ಪಾತೆರ್. ಆಮೇಲೆ ರಾಲಿಯ ಹೊರವಲಯದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಕಲಿಸಿದೆ. ಮೊದಲ ಇಪ್ಪತ್ತೆರಡರಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಕೊನೆಯ ನಾಲ್ಕನ್ನು ಹೇಳುತ್ತೇನೆ.

ಹಿರಿಯ ತರಗತಿಗೆ ನಾನು ಪ್ರತಿ ವಸಂತದಲ್ಲೂ ಮಾಡುತ್ತಿದ್ದ ಒಂದು ಪಾಠವಿತ್ತು: ರೋಮನ್ನರ ಯುಗಾರಂಭದ ಆಟಗಳು. ಯುಗ ಶುರುವಾದ ದಿನ ಭೂಮಿಯ ಮೇಲೆ ಬದುಕಿದ್ದವರಲ್ಲಿ ಕಟ್ಟಕಡೆಯವರೂ ಸತ್ತು ಹೋದಾಗ ಆ ಯುಗ ಮುಗಿಯಿತೆಂದು ಅವರ ಲೆಕ್ಕ. ನೂರು ವರ್ಷವೋ ನೂರಹತ್ತೋ. ಆಗ ಮೂರು ರಾತ್ರಿ, ಮೂರು ಹಗಲು ಹಬ್ಬ. ರಾತ್ರಿ ಟೈಬರ್ ನದಿಯ ದಂಡೆಯಲ್ಲಿ ವಿಧಿಯ ದೇವತೆಗಳಿಗೆ, ಹೆರಿಗೆಯ ದೇವತೆಗಳಿಗೆ, ಭೂಮಿತಾಯಿಗೆ ಬಲಿ. ಹಗಲು ಬೆಟ್ಟದ ಮೇಲೆ ದೊಡ್ಡ ದೇವರುಗಳಿಗೆ ಪೂಜೆ. ಜೊತೆಗೆ ನಾಟಕ, ರಥದ ಓಟ. ಡಂಗುರದವನು ಬೀದಿಬೀದಿ ತಿರುಗಿ, ಈಗ ಬದುಕಿರುವವರು ಯಾರೂ ನೋಡಿರದ, ಇನ್ನೊಮ್ಮೆ ನೋಡಲಾರದ ಆಟಗಳಿಗೆ ಬನ್ನಿ ಎಂದು ಸಾರುತ್ತಿದ್ದನಂತೆ. ಮೊದಲ ಚಕ್ರವರ್ತಿ ಈ ಹಬ್ಬ ಮಾಡಿಸಿದಾಗ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿದ. ಯಾವ ದೇವತೆಗೆ ಎಷ್ಟು ಕುರಿಮರಿ, ಎಷ್ಟು ಕಡುಬು, ಶುದ್ಧಿಗೆಂದು ಜನಕ್ಕೆ ಪಂಜು ಮತ್ತು ಗಂಧಕ ಹಂಚುವುದು ಎಲ್ಲಿ, ಎಲ್ಲವೂ ಅದರಲ್ಲಿದೆ. ಕಲ್ಲಿನ ತುಂಡುಗಳು ನದಿಯ ದಂಡೆಯಲ್ಲೇ ಸಿಕ್ಕಿವೆ. ಮಕ್ಕಳಿಗೆ ಕಾವ್ಯಕ್ಕಿಂತ ಈ ಕಲ್ಲು ಇಷ್ಟ. “ಇದು ಒಂದು ಲಾಂಗ್ ಇಮೇಲ್ ಅಷ್ಟೇ” ಎನ್ನುತ್ತಿದ್ದವು.

2020ರ ಮಾರ್ಚಿನಲ್ಲಿ ಆ ಪಾಠ ಶುರು ಮಾಡಿದ ವಾರವೇ ಶಾಲೆ ಮುಚ್ಚಿತು. ಉಳಿದದ್ದನ್ನು ಜೂಮ್‌ನಲ್ಲಿ ಮುಗಿಸಿದೆ. ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಪರದೆಯ ತುಂಬ ಕಪ್ಪು ಚೌಕಗಳು. ಅವಕ್ಕೆ ಆಟಗಳ ಮೂಲದ ಕಥೆ ಹೇಳಿದೆ. ಊರಿಗೆ ಪಿಡುಗು ಬಂದಾಗ ಒಬ್ಬ ತಂದೆಯ ಮಕ್ಕಳು ಹಾಸಿಗೆ ಹಿಡಿದವು. ಆತ ಅವನ್ನು ದೋಣಿಯಲ್ಲಿ ಟೈಬರ್ ನದಿಯ ಒಂದು ಕಡೆಗೆ ಒಯ್ದು, ಅಲ್ಲಿ ಕಾಯಿಸಿದ ನೀರು ಕುಡಿಸಿದ. ಮಕ್ಕಳು ಎದ್ದು ಕೂತವು. ಅವನು ಅಲ್ಲಿ ಬಲಿ ಕೊಟ್ಟ, ಅದೇ ಹಬ್ಬವಾಯಿತು. ಕಥೆ ಮುಗಿದಾಗ ಚಾಟ್‌ನಲ್ಲಿ ಒಂದು ಪ್ರಶ್ನೆ ಬಂತು: “ಉಳಿದವರ ಮಕ್ಕಳು ಏನಾದವು?” ಕೇಳಿದವರ ಹೆಸರಿನ ಜಾಗದಲ್ಲಿ ಐಫೋನ್ ಎಂದಷ್ಟೇ ಇತ್ತು. ನಾನು ನಕ್ಕು, “ಅದು ಪರೀಕ್ಷೆಗೆ ಇಲ್ಲ” ಎಂದೆ.

ಆ ಚೌಕ ಒಂದು ನಿಮಿಷ ಇತ್ತು, ಆಮೇಲೆ ಮಾಯವಾಯಿತು. ಆ ವರ್ಷ ಮತ್ತೆ ಬರಲಿಲ್ಲ. ಯಾರ ಮಗುವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಜರಿ ಪಟ್ಟಿ ಹಿಡಿದು ಪತ್ತೆ ಮಾಡಬಹುದಿತ್ತು, ಮಾಡಲಿಲ್ಲ. ಪಾಠ ಮುಗಿಸುವ ಅವಸರವಿತ್ತು.

ಮುಂದಿನ ವರ್ಷದ ಆಗಸ್ಟಿನಲ್ಲಿ ಮಾಸ್ಕ್ ಹಾಕಿಕೊಂಡು ಎಲ್ಲರೂ ಶಾಲೆಗೆ ವಾಪಸು ಬಂದೆವು. ಅಷ್ಟರಲ್ಲಿ ಕಲಿಸುವ ರೀತಿಯೇ ಬದಲಾಗಿತ್ತು. ಆ ಕಲ್ಲಿನಲ್ಲಿ ಭೂಮಿತಾಯಿಗೆ ಕೊಡುವ ಬಲಿಯ ಬಗ್ಗೆ ಎರಡು ಪದಗಳಿವೆ. ಅಕ್ಷರಶಃ ಅರ್ಥ ‘ತುಂಬಿದ ಹಂದಿ’. ಪ್ರತಿ ವರ್ಷವೂ ಮಕ್ಕಳೆಲ್ಲ ‘ಹೊಟ್ಟೆ ತುಂಬ ಉಂಡ ಹಂದಿ’ ಎಂದೇ ಬರೆಯುತ್ತಿದ್ದವು. ಅದು ಗಬ್ಬದ ಹಂದಿ ಎಂದು ನಾನು ಹೇಳಿದಾಗ ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಆ ನಗುವಿನಲ್ಲಿ ಪದ ಮನಸ್ಸಿಗೆ ಇಳಿಯುತ್ತಿತ್ತು. ಮನೆಯಲ್ಲಿ ಕೂತು ಓದಿದ ವರ್ಷದಲ್ಲಿ ಮಕ್ಕಳು ಎಲ್ಲವನ್ನೂ ಫೋನಿಗೆ ಕೇಳಿ ಬರೆಯಲು ಕಲಿತಿದ್ದವು. ಆ ಸಲ ಎಲ್ಲ ಹಾಳೆಗಳಲ್ಲೂ ಮೊದಲ ಏಟಿಗೇ ‘ಗಬ್ಬದ ಹಂದಿ’. ಒಂದೂ ತಪ್ಪಿಲ್ಲ, ಒಬ್ಬರೂ ನಗಲಿಲ್ಲ. ಒಂದೇ ಒಂದು ಹಾಳೆಯಲ್ಲಿ ಮಾತ್ರ ‘ಚೆನ್ನಾಗಿ ಊಟ ಮಾಡಿದ ಹಂದಿ’ ಎಂದಿತ್ತು. ಆ ಹಾಳೆ ಇಂಚರಾಳದು.

ಅವಳು ಮೂರು ವರ್ಷದವಳಿದ್ದಾಗ ತಂದೆ ತಾಯಿಯ ಜೊತೆ ಇಲ್ಲಿಗೆ ಬಂದವಳು. ತಂದೆ ಗಿರೀಶ್ ಸಾಫ್ಟ್‌ವೇರ್ ಇಂಜಿನಿಯರ್. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹತ್ತು ವರ್ಷ ದಾಟಿತ್ತು. ತಾಯಿ ಸುಜಾತಾ ಕೂಡ ಇಂಜಿನಿಯರಿಂಗ್ ಓದಿದವಳೇ. ಆದರೆ ಗಂಡನ ವೀಸಾ ನೆರಳಿನಲ್ಲಿ ಬಂದವಳಿಗೆ ಬಹಳ ವರ್ಷ ಕೆಲಸ ಮಾಡುವ ಅನುಮತಿ ಇರಲಿಲ್ಲ, ಸಿಗುವ ಹೊತ್ತಿಗೆ ಯಾರೂ ಕೆಲಸ ಕೊಡಲಿಲ್ಲ. ಮನೆಯಲ್ಲೇ ಕೂತು ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಇಂಚರಾ ಶಾಲೆಯಲ್ಲಿ ನನ್ನನ್ನು ಮ್ಯಾಮ್ ಎನ್ನುತ್ತಿದ್ದಳು, ಕನ್ನಡ ಸಂಘದ ಊಟದಲ್ಲಿ ಸಿಕ್ಕರೂ ಮ್ಯಾಮ್. ಅವಳ ಕನ್ನಡ ಅಮೆರಿಕದ ಮಕ್ಕಳ ಕನ್ನಡ; ‘ಳ’ ಎಂದರೆ ನಾಲಿಗೆ ತಡವರಿಸುತ್ತಿತ್ತು. ಲ್ಯಾಟಿನ್ ಓದಿದರೆ ಮಾತ್ರ ಮೈ ಝುಮ್ಮೆನ್ನುವ ಹಾಗೆ ಓದುತ್ತಿದ್ದಳು. ಗುರು ಲಘು ಅವಳಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ.

ನಮ್ಮ ಪ್ರಿನ್ಸಿಪಾಲರ ಹೆಸರು ವಿಟ್‌ಮೋರ್. ಕೆಟ್ಟವರಲ್ಲ. ಹಿಂದಿನ ಎರಡು ವರ್ಷ, ಮನೆಯಲ್ಲಿ ಯಾರಾದರೂ ಸತ್ತ ಪ್ರತಿ ಮಗುವಿಗೂ ತಮ್ಮ ಕೈಯಾರೆ ಪತ್ರ ಬರೆದವರು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನಮಗೆ ಕಾಣುತ್ತಿದ್ದದ್ದು ಅವರ ಉತ್ಸಾಹ ಮಾತ್ರ. ವಸಂತದಲ್ಲಿ ಶಾಲೆಗೆ ಹೊಸ ಆರಂಭ ಎನ್ನುವಂಥ ದೊಡ್ಡದೊಂದು ಕಾರ್ಯಕ್ರಮ ಬೇಕು, ಯಾರಿಗಾದರೂ ಐಡಿಯಾ ಇದೆಯಾ ಎಂದು ಸಭೆಯಲ್ಲಿ ಕೇಳಿದರು. ನಾನು ಕೈ ಎತ್ತಿದೆ.

ಯಾಕೆ ಎತ್ತಿದೆನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಲ್ಯಾಟಿನ್‌ಗೆ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದರು. ಕೋರ್ಸು ನಿಲ್ಲಿಸುವ ಮಾತು ಎರಡು ಸಲ ಕಿವಿಗೆ ಬಿದ್ದಿತ್ತು. ಊರೆಲ್ಲ ನೋಡುವಂಥದ್ದೊಂದು ಮಾಡಿಸಿದರೆ ಉಳಿಯಬಹುದು ಎಂಬ ಆಸೆ. ಯುಗಾರಂಭದ ಆಟಗಳ ವಿಷಯ ಹೇಳಿದೆ. ವಿಟ್‌ಮೋರ್ ಮೇಜು ತಟ್ಟಿದರು. “ಹೊಸ ಯುಗ! ಇದೇ, ಇದೇ ಬೇಕಾಗಿತ್ತು ನನಗೆ.” ಆಮೇಲೆ ನಾನು ಬರೆದುಕೊಟ್ಟ ಆಟಗಳ ಪಟ್ಟಿ ನೋಡುತ್ತಾ, “ಪ್ರಾರ್ಥನೆ ಅನ್ನೋ ಪದ ಬೇಡ, ಸರ್ಕಾರಿ ಶಾಲೆ, ಧರ್ಮ ತರೋ ಹಾಗಿಲ್ಲ. ಹಂದಿ ಇರಲಿ, ಆದರೆ ಬಸುರಿ ಅಂತ ಎಲ್ಲೂ ಹೇಳಬೇಡಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ರೋಮಿನಲ್ಲಿ ಹಬ್ಬದ ಕೊನೆಯ ದಿನ ಇಪ್ಪತ್ತೇಳು ಹುಡುಗರು, ಇಪ್ಪತ್ತೇಳು ಹುಡುಗಿಯರು ಸೇರಿ ಹಾಡು ಹೇಳಿದರು. ನಮ್ಮಲ್ಲೂ ಅಷ್ಟೇ ಜನ ಇರಬೇಕೆಂದು ನಾನು ಹಟ ಹಿಡಿದೆ. ಲ್ಯಾಟಿನ್ ಮಕ್ಕಳು ಸಾಲದೆ ಕೋರಸ್ ತರಗತಿಯಿಂದ, ಸಾಕರ್ ತಂಡದಿಂದ ಹಿಡಿದು ತಂದೆ. ಎಂಟು ಸಾಲಿನ ಸುಲಭದ ಲ್ಯಾಟಿನ್ ಹಾಡೊಂದನ್ನು ನಾನೇ ಬರೆದೆ. ಹುಡುಗಿಯರ ಸಾಲಿಗೆ ಇಂಚರಾ ಮುಂದಾಳು. ಮೊದಲ ಅಭ್ಯಾಸದ ದಿನ, ಎಲ್ಲರೂ ಜಿಮ್‌ನಲ್ಲಿ ನೆಲದ ಮೇಲೆ ಕೂತಿದ್ದಾಗ, ಅವರಿಗೆ ಹುರುಪು ಬರಲೆಂದು ಹೇಳಿದೆ: “ಯಾರು ಬೇಕಾದರೂ ಹಾಡುವ ಹಾಗಿರಲಿಲ್ಲ. ಪಾತ್ರಿಮಿ ಎತ್ ಮಾತ್ರಿಮಿ, ಅಂದರೆ ತಂದೆ ತಾಯಿ ಇಬ್ಬರೂ ಬದುಕಿರುವ ಮಕ್ಕಳು ಮಾತ್ರ. ಒಬ್ಬರಿಲ್ಲದಿದ್ದರೂ ಆ ಮಗುವಿನ ಹಾಡು ದೇವರಿಗೆ ಸೇರುವುದಿಲ್ಲ ಎಂದು ಅವರ ನಂಬಿಕೆ.”

ಇಂಚರಾ ಕೈ ಎತ್ತಿ, “ಪಿತೃ, ಮಾತೃ ತರಾನೇ ಇದೆ, ಮ್ಯಾಮ್” ಎಂದಳು. ಸಂತೋಷವಾಯಿತು. ಕಾರ್ಯಕ್ರಮದ ಪತ್ರಿಕೆ ಮಾಡುವಾಗ ಗಾಯಕರ ಹೆಸರುಗಳ ಮೇಲೆ ಆ ಮೂರು ಪದ ದಪ್ಪಕ್ಷರದಲ್ಲಿ, ಕೆಳಗೆ ಅರ್ಥ ಸಹಿತ ಹಾಕಿಸಿದೆ.

ಆ ಐವತ್ತನಾಲ್ಕು ಮಕ್ಕಳಲ್ಲಿ ಆಗಲೇ ಯಾರಿಗೆ ಯಾರಿರಲಿಲ್ಲವೋ ನಾನು ವಿಚಾರಿಸಲಿಲ್ಲ. ನನ್ನ ಅಮ್ಮ ಮೂವತ್ತಾರಕ್ಕೆ ವಿಧವೆಯಾದವಳು. ಮನೆಯಲ್ಲಿ ಆರತಿ ಎತ್ತುವಾಗ ಯಾರೂ ಹೇಳದಿದ್ದರೂ ತಾನೇ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಅದನ್ನು ನೋಡಿಕೊಂಡೇ ಬೆಳೆದ ನಾನು, ಅಂಥದ್ದೇ ಒಂದು ಕಟ್ಟಳೆಯನ್ನು ಎರಡು ಸಾವಿರ ವರ್ಷ ಹಳೆಯ ಅಚ್ಚರಿಯೆಂಬಂತೆ ಮಕ್ಕಳ ಮುಂದೆ ಆಡಿದೆ. ಲ್ಯಾಟಿನ್‌ನಲ್ಲಿದ್ದುದರಿಂದ ಅದು ಯಾರಿಗೂ ಚುಚ್ಚುವುದಿಲ್ಲ ಎಂದುಕೊಂಡಿದ್ದೆನೋ ಏನೋ.

ಜನವರಿಯಲ್ಲಿ ಕೋವಿಡ್ ಮತ್ತೆ ಏರಿತು. ಗಿರೀಶ್ ಆಸ್ಪತ್ರೆ ಸೇರಿದ. ಮೊದಲ ವಾರ ಇಂಚರಾ ಅಭ್ಯಾಸಕ್ಕೆ ಬಂದಳು. “ಡ್ಯಾಡ್ ಇಸ್ ಓಕೆ, ಟೆಕ್ಸ್ಟ್ ಮಾಡ್ತಿದಾರೆ” ಎಂದಳು. ಎರಡನೇ ವಾರ ಟೆಕ್ಸ್ಟ್ ಬರುವುದು ನಿಂತಿತು. ಫೆಬ್ರವರಿಯಲ್ಲಿ ಗಿರೀಶ್ ತೀರಿಕೊಂಡ. ಅವನಿಗೆ ನಲವತ್ನಾಲ್ಕು. ದಹನಕ್ಕೆ ನಾವು ಕೆಲವರು ಹೋಗಿದ್ದೆವು. ಸುಜಾತಾ ಅಳಲಿಲ್ಲ, ಬಂದವರ ಕೋಟುಗಳನ್ನು ಒಂದೊಂದಾಗಿ ತೆಗೆದುಕೊಂಡು ಕುರ್ಚಿಯ ಮೇಲೆ ಜೋಡಿಸುತ್ತಿದ್ದಳು.

ಕಾರ್ಯಕ್ರಮ ಮಾರ್ಚಿನಲ್ಲಿತ್ತು, ಮೂರು ವಾರವೂ ಉಳಿದಿರಲಿಲ್ಲ. ಆ ದಿನಗಳಲ್ಲೇ ಒಂದು ತಯಾರಿ ಸಭೆ ನಡೆಯಿತು. ಇತಿಹಾಸ ಕಲಿಸುತ್ತಿದ್ದ ಡೊರೀನ್ ನನಗೆ ಹದಿನೈದು ವರ್ಷದ ಗೆಳತಿ. ಕೋವಿಡ್‌ನ ಮೊದಲ ವರ್ಷ ಅವಳ ತಾಯಿ ಹೋಗಿದ್ದರು. ಮಣ್ಣು ಮಾಡುವಾಗ ಒಡಹುಟ್ಟಿದವರೆಲ್ಲ ಹತ್ತಿರ ನಿಲ್ಲಲೂ ಆಗಿರಲಿಲ್ಲ. ಡೊರೀನ್ ಎದ್ದು ನಿಂತು ಹೇಳಿದಳು: “ಆಟ ಶುರುವಾಗುವ ಮುಂಚೆ ಒಂದು ನಿಮಿಷ ಮೌನ ಇಡೋಣ. ಸತ್ತವರ ಹೆಸರು ಓದೋಣ. ಅಷ್ಟೇ ನಾನು ಕೇಳ್ತಿರೋದು.”

ವಿಟ್‌ಮೋರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಡೊರೀನ್, ಜನ ದುಃಖಪಟ್ಟು ಪಟ್ಟು ಸೋತಿದ್ದಾರೆ. ಒಂದು ಮಧ್ಯಾಹ್ನ. ಒಂದೇ ಒಂದು ಮಧ್ಯಾಹ್ನ ದುಃಖವಿಲ್ಲದೆ ಇರಲಿ.” ಆಮೇಲೆ ನನ್ನ ಕಡೆ ತಿರುಗಿದರು. “ಕಾರ್ಯಕ್ರಮ ನಿಮ್ಮದು. ನೀವೇನಂತೀರಿ?”

ಡೊರೀನ್ ನನ್ನನ್ನೇ ನೋಡುತ್ತಿದ್ದಳು. ಕೋರ್ಸಿನ ಭವಿಷ್ಯ ವಿಟ್‌ಮೋರ್ ಕೈಯಲ್ಲಿತ್ತು. “ರೋಮಿನ ಹಬ್ಬದಲ್ಲಿ ಮೌನ ಇರಲಿಲ್ಲ” ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಡೊರೀನ್, “ನೀನೊಬ್ಬಳು ಹೂಂ ಅಂದಿದ್ದರೆ ಸಾಕಿತ್ತು” ಎಂದು ಹೇಳಿ ಹೋದಳು. ಆ ವರ್ಷವಿಡೀ ನಾವು ಜೊತೆಯಲ್ಲಿ ಊಟ ಮಾಡಲಿಲ್ಲ. ಮುಂದಿನ ವರ್ಷವೂ ಮಾಡಲಿಲ್ಲ.

ಇಂಚರಾ ಇಲ್ಲದೆ ಹುಡುಗಿಯರ ಸಾಲು ಇಪ್ಪತ್ತಾರಕ್ಕೆ ಇಳಿದಿತ್ತು, ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು. ವೈಕುಂಠ ಸಮಾರಾಧನೆಯಾದ ಎರಡು ದಿನಕ್ಕೆ ನಾನು ಮಾರಿಸ್‌ವಿಲ್‌ನ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಹಣ್ಣು ತೆಗೆದುಕೊಂಡು ಹೋಗಿದ್ದೆ. ವಿಚಾರಿಸಿಕೊಂಡು ಬರಲು ಹೋದೆನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕಾಫಿ ಕುಡಿದಾದ ಮೇಲೆ ಮಾತು ತೆಗೆದೆ.

“ಇಂಚರಾ, ನೀನು ಬಂದ್ರೆ ಎಲ್ಲಾರಿಗೂ ಧೈರ್ಯ ಬರತ್ತೆ. ಅಪ್ಪಂಗೂ ನೀನು ಹಾಡೋದು ಅಂದ್ರೆ ಇಷ್ಟ ಇತ್ತಲ್ವಾ.”

ಸುಜಾತಾ ಲೋಟ ಎತ್ತುತ್ತಿದ್ದವಳು ನಿಂತಳು. “ಮೇಡಂ, ಅವ್ಳಿಗೆ ಫೋರ್ಸ್ ಮಾಡ್ಬೇಡಿ.”

“ಫೋರ್ಸ್ ಅಲ್ಲ ಸುಜಾತಾ. ಸುಮ್ನೆ ಕೂತ್ರೆ ಇನ್ನೂ ಕಷ್ಟ ಅಂತ.”

ಇಂಚರಾ ನನ್ನ ಕಡೆ ತಿರುಗಿ ಕೇಳಿದಳು. “ಬಟ್ ಮ್ಯಾಮ್, ಆಮ್ ಐ ನಾಟ್ ಔಟ್? ನೀವು ಹೇಳಿದ್ರಲ್ಲ, ಬೋತ್ ಪೇರೆಂಟ್ಸ್.”

ಆಗಲಾದರೂ ನಾನು ಎದ್ದು ಬರಬೇಕಿತ್ತು. “ಅದು ಹಿಸ್ಟರಿ, ಪುಟ್ಟ. ಈಗ ಯಾರು ನೋಡ್ತಾರೆ ಅದನ್ನೆಲ್ಲ” ಎಂದೆ. ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು, “ಓಕೆ” ಎಂದಳು.

ಕಾರ್ಯಕ್ರಮದ ದಿನ ಬಿಸಿಲು ಚೆನ್ನಾಗಿತ್ತು. ಫುಟ್‌ಬಾಲ್ ಮೈದಾನದ ತುಂಬ ಜನ. ವಿಟ್‌ಮೋರ್ ತಾವೇ ಬಿಳಿ ಬಟ್ಟೆ ಸುತ್ತಿಕೊಂಡು ಡಂಗುರದವನಾಗಿದ್ದರು. ಯಾರೂ ನೋಡಿರದ, ಯಾರೂ ಮತ್ತೆ ನೋಡಲಾರದ ಆಟಗಳಿಗೆ ಬನ್ನಿ ಎಂದು ಮೈಕಿನಲ್ಲಿ ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆ. ಕಾಗದದ ಹಂದಿಯನ್ನು ನಾಲ್ವರು ಹೊತ್ತು ತಂದರು. ರಥಗಳೆಂದು ಶಾಪಿಂಗ್ ಕಾರ್ಟ್‌ಗಳನ್ನು ಓಡಿಸಿದರು. ತಂದೆತಾಯಂದಿರು ಮಾಡಿ ತಂದಿದ್ದ ಕಡುಬುಗಳನ್ನು ಹಂಚಿದರು. ಎರಡು ವರ್ಷದಿಂದ ಮುಖ ಮುಚ್ಚಿಕೊಂಡಿದ್ದ ಜನ ಮಾಸ್ಕ್ ತೆಗೆದು ನಗುತ್ತಿದ್ದರು. ಆ ನಗು ಸುಳ್ಳಾಗಿತ್ತೆಂದು ಹೇಳಲಾರೆ. ಡೊರೀನ್ ಬಂದಿರಲಿಲ್ಲ.

ಕೊನೆಗೆ ಹಾಡು. ಮಕ್ಕಳು ಸಾಲಾಗಿ ಬಂದು ನಿಂತರು. ಪ್ರತಿ ಕುರ್ಚಿಯ ಮೇಲೂ ಕಾರ್ಯಕ್ರಮದ ಪತ್ರಿಕೆ ಇಟ್ಟಿದ್ದರು; ಗಾಳಿಗೆ ಹಾರಿದ ಕೆಲವು ಹುಲ್ಲಿನ ಮೇಲೆ ಬಿದ್ದಿದ್ದವು. ಇಂಚರಾ ಬಗ್ಗಿ ಒಂದನ್ನು ಎತ್ತಿಕೊಳ್ಳುವುದು ಕಾಣಿಸಿತು. ಆ ಕ್ಷಣ ನನಗೆ ನೆನಪಾಯಿತು. ಫೆಬ್ರವರಿಯಲ್ಲೇ ಅಚ್ಚಿಗೆ ಹೋಗಿದ್ದ ಆ ಪತ್ರಿಕೆಯಿಂದ ಆ ಸಾಲನ್ನು ನಾನು ತೆಗೆಸಿರಲಿಲ್ಲ. ತೆಗೆಸಬೇಕೆಂದು ಹೊಳೆದೇ ಇರಲಿಲ್ಲ. ದಪ್ಪಕ್ಷರದಲ್ಲಿ, ಅರ್ಥ ಸಹಿತ, ತಂದೆ ತಾಯಿ ಇಬ್ಬರೂ ಬದುಕಿರುವ ಮಕ್ಕಳು ಎಂದು, ಕೆಳಗೆ ಮೊದಲ ಹೆಸರೇ ಅವಳದು.

ಅವಳು ಓದಿದಳು. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. ಶ್ರುತಿ ಕೊಟ್ಟಾಗ ಹಾಡಿದಳು. ಎಂಟು ಸಾಲೂ ಹಾಡಿದಳು, ಒಂದು ಮಾತ್ರೆಯೂ ತಪ್ಪಲಿಲ್ಲ. ಉಳಿದ ಮಕ್ಕಳು ಅವಳ ಧ್ವನಿ ಹಿಡಿದುಕೊಂಡು ದಡ ಸೇರಿದರು. ಜನ ಎದ್ದು ನಿಂತರು. ವಿಟ್‌ಮೋರ್ ನನ್ನ ಎರಡೂ ಕೈ ಹಿಡಿದು ಕುಲುಕಿದರು. ನಾನು ಕಣ್ಣಲ್ಲೇ ಅವಳನ್ನು ಹುಡುಕಿದೆ. ಅವಳು ಮೈದಾನದಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಮಡಿಸಿದ ಆ ಪತ್ರಿಕೆ ಇತ್ತು. ಮೇಲಿನ ಮೂರು ಪದಗಳಲ್ಲಿ ಮೊದಲ ಎರಡನ್ನು ಪೆನ್ಸಿಲಿನಿಂದ ಹೊಡೆದಿದ್ದಳು. ಉಳಿದ ಒಂದರ ಕೊನೆಯನ್ನು ತಿದ್ದಿ ಮಾತ್ರಿಮಾ ಎಂದು ಬರೆದು ತನ್ನ ಹೆಸರಿನತ್ತ ಒಂದು ಗೆರೆ ಎಳೆದಿದ್ದಳು. ಬಹುವಚನ ತೆಗೆದು ಏಕವಚನ, ಸ್ತ್ರೀಲಿಂಗ. ತಾಯಿ ಮಾತ್ರ ಇರುವವಳು. ವ್ಯಾಕರಣ ಸರಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಹಾಗೆ ತಿದ್ದಿರಲಿಲ್ಲ. ತರಗತಿಗೆ ಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ಒಂದು ಪ್ರಶ್ನೆಯನ್ನೂ ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಅವರಿಗೆ ಇನ್ನೊಂದು ಏಟು ಬಿದ್ದಿತ್ತು. ಸುಜಾತಾ, ಇಂಚರಾ ಇಬ್ಬರೂ ಈ ದೇಶದಲ್ಲಿದ್ದದ್ದು ಗಿರೀಶನ ವೀಸಾ ಮೇಲೆ. ಅವನು ಹೋದ ಮೇಲೆ ಇಲ್ಲಿರಲು ಅವರಿಗೆ ದಾರಿಯೇ ಇರಲಿಲ್ಲ. ವಕೀಲರು ಏನೋ ಅರ್ಜಿ ಹಾಕಿ ಶಾಲೆಯ ವರ್ಷ ಮುಗಿಯುವವರೆಗೆ ಉಳಿಸಿಕೊಟ್ಟರು. ಅದಕ್ಕಿಂತ ಹೆಚ್ಚು ಆಗುವುದಿಲ್ಲವೆಂದರು. ನಾನು ಪತ್ರ ಬರೆದೆ. ಸಂಸತ್ತಿನ ನಮ್ಮ ಪ್ರತಿನಿಧಿಗಳ ಕಚೇರಿಗೆ, ವಿಶ್ವವಿದ್ಯಾಲಯದ ಪರಿಚಯದವರಿಗೆ, ಯಾರ ಹೆಸರು ಹೊಳೆದರೆ ಅವರಿಗೆ. ವಿಟ್‌ಮೋರ್ ಕೂಡ ಬರೆದರು, ನನಗಿಂತ ಚೆನ್ನಾಗಿಯೇ ಬರೆದರು. ಎಲ್ಲರಿಂದಲೂ ಬಹಳ ಸೌಜನ್ಯದ ಉತ್ತರ ಬಂತು. ವಿಷಾದಿಸುತ್ತೇವೆ ಎಂದು.

ಜೂನಿನಲ್ಲಿ ಅವರು ಕಾರು ಮಾರಿಬಿಟ್ಟಿದ್ದರಿಂದ ವಾಷಿಂಗ್ಟನ್ ವಿಮಾನ ನಿಲ್ದಾಣಕ್ಕೆ ನಾನು ಡ್ರೈವ್ ಮಾಡಿದೆ. ರಾಲಿಯಿಂದ ಐದು ಗಂಟೆ. ಸುಜಾತಾ ಮುಂದೆ ಕೂತಿದ್ದಳು, ಇಂಚರಾ ಹಿಂದೆ ಕಿವಿಗೆ ಏನೋ ಹಾಕಿಕೊಂಡು. ವಾಷಿಂಗ್ಟನ್ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಒಂದು ಸಲ ಹೋಗಿ ಹೋಗೋಣ ಎಂದು ಸುಜಾತಾ ಕೇಳಿದಳು. ಸುತ್ತು ದಾರಿ, ಆದರೂ ಹೋದೆವು. ಅರ್ಚನೆಗೆ ನಿಂತಾಗ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಸುಜಾತಾ ಮಗಳದು ಹೇಳಿದಳು, ತನ್ನದು ಹೇಳಿದಳು, ಹದಿನೆಂಟು ವರ್ಷದ ರೂಢಿ, ಅದೇ ಉಸಿರಿನಲ್ಲಿ “ಗಿರೀಶ್, ರೋಹಿಣಿ” ಎಂದಳು. ಎಂದವಳು ಅಲ್ಲೇ ಕಲ್ಲಾದಳು. ಅರ್ಚಕರಿಗೇನು ಗೊತ್ತು. ಕಣ್ಣು ಮುಚ್ಚಿ ಮೂರೂ ಹೆಸರು ಸೇರಿಸಿ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ ಎಂದು ಹೇಳುತ್ತಾ ಹೋದರು. ಮೂವರೂ ಸುಮ್ಮನೆ ಕೇಳಿಸಿಕೊಂಡೆವು.

ಹೊರಗೆ ಬಂದ ಮೇಲೆ ಇಂಚರಾ, “ವೈ ಡಿಡ್‌ಂಟ್ ಯು ಟೆಲ್ ಹಿಮ್, ಅಮ್ಮ?” ಎಂದಳು.

“ಇರ್ಲಿ ಬಿಡು. ಒಂದ್ಸಲ ಅಷ್ಟೇ ಅಲ್ವಾ.”

ಮತ್ತೆ ಕಾರು ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಸುಜಾತಾಳಿಗೆ ಕಣ್ಣು ಹತ್ತಿತು. ಇನ್ನು ಅವಕಾಶವಿಲ್ಲ ಎಂದುಕೊಂಡು ನಾನು ಕನ್ನಡಿಯಲ್ಲಿ ಇಂಚರಾಳ ಮುಖ ನೋಡುತ್ತಾ ಹೇಳಿದೆ: “ಅವತ್ತು ನಾನು ನಿಮ್ಮನೇಗೆ ಬರಬಾರ್ದಿತ್ತು. ನಿನ್ನ ಹಾಡೋಕೆ ಕರೀಬಾರ್ದಿತ್ತು. ತಪ್ಪಾಯ್ತು ಪುಟ್ಟ.”

ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯ ಹೊರಗೆ ನೋಡುತ್ತಾ, “ಇಟ್ಸ್ ಫೈನ್, ಮ್ಯಾಮ್” ಎಂದಳು. “ಯು ನೀಡೆಡ್ ಟ್ವೆಂಟಿ-ಸೆವೆನ್.”

ನಿಲ್ದಾಣದಲ್ಲಿ ಸುಜಾತಾ ನನ್ನನ್ನು ಅಪ್ಪಿಕೊಂಡಳು. ಇಂಚರಾ ಎರಡೂ ಸೂಟ್‌ಕೇಸ್ ತಾನೇ ಎಳೆದುಕೊಂಡು ಮುಂದೆ ಹೋದಳು.

ಇನ್ನು ಕೋರ್ಸಿನ ಕಥೆ. ನಾನು ಇಷ್ಟೆಲ್ಲ ಮಾಡಿದ್ದು ಅದನ್ನು ಉಳಿಸಲು ತಾನೇ. ಕಾರ್ಯಕ್ರಮದ ಚಿತ್ರಗಳನ್ನು ಊರವರೆಲ್ಲ ಹಂಚಿಕೊಂಡರು. ಮುಂದಿನ ವರ್ಷ ಲ್ಯಾಟಿನ್‌ಗೆ ಹೊಸದಾಗಿ ಸೇರಿದವರು ಒಂಬತ್ತು ಜನ. ವಿಟ್‌ಮೋರ್ ಬೇರೆ ಶಾಲೆಗೆ ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಬಂದಾಕೆ ನನ್ನನ್ನು ಕರೆದು, ಚಿಕ್ಕ ವಯಸ್ಸಿನವಳು, ಪಾಪ, ಬೆವರುತ್ತಾ, ಇದೇ ಕೊನೆಯ ವರ್ಷ ಎಂದು ಹೇಳಿದಳು. ಯಾವ ಯುಗವೂ ಹಾಗೆ ಹೇಳಿ ಕೇಳಿ ಮುಗಿಯುವುದಿಲ್ಲ ಎಂದು ಮಕ್ಕಳಿಗೆ ಕಲಿಸಿದ್ದೆ; ರೋಮಿನಲ್ಲೂ ಒಂದು ಸಲ ಹಬ್ಬದ ವರ್ಷ ಬಂತು, ಯಾರೂ ಮಾಡಲಿಲ್ಲ, ಅಷ್ಟೇ. ನನಗೆ ಒಂದು ಬೀಳ್ಕೊಡುಗೆ ಸಿಕ್ಕಿತು, ಕೇಕು ಸಿಕ್ಕಿತು. ಡೊರೀನ್ ಬಾಗಿಲವರೆಗೂ ಬಂದು, ಕಾರ್ಡೊಂದನ್ನು ಪಕ್ಕದ ಮೇಜಿನ ಮೇಲಿಟ್ಟು, ನಿಲ್ಲದೆ ಹೋದಳು. ಕಾರ್ಡಿನಲ್ಲಿ ಅವಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಕೋಣೆಯಲ್ಲಿ ಈಗ ಕಂಪ್ಯೂಟರ್ ಆಟಗಳ ತಂಡ ಅಭ್ಯಾಸ ಮಾಡುತ್ತದೆಯಂತೆ.

ಈ ಕೆಲಸಕ್ಕೆ ಬರುವವರು ಉಪಾಯ ಕೇಳುತ್ತಾರೆ. ನನ್ನ ಬಳಿ ಉಪಾಯವಿಲ್ಲ. ತರಗತಿಯಲ್ಲಿ ನಾವು ಹೇಳಿದ್ದನ್ನು ಮಕ್ಕಳು ಮರೆಯುತ್ತಾರೆಂಬ ಭಯ ನನಗೆ ಇಪ್ಪತ್ತಾರು ವರ್ಷವೂ ಇತ್ತು. ಮರೆಯದೆ ಉಳಿದುಬಿಟ್ಟರೆ ಏನು ಗತಿ ಎಂದು ಒಂದು ದಿನವೂ ಯೋಚಿಸಲಿಲ್ಲ.

ಈ ಬರಹಕ್ಕೆ ಕೂರುವ ಮೊದಲು, ಬರೆಯಬಹುದೇ ಎಂದು ಕೇಳಲು ಸುಜಾತಾಳಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಹೆಸರು ಬದಲಾಯಿಸಿ ಬರೆಯಿರಿ ಎಂದಳು, ಬದಲಾಯಿಸಿದ್ದೇನೆ. ಇಂಚರಾ ಬಿ.ಕಾಂ. ಮಾಡುತ್ತಿದ್ದಾಳೆ. ಅಲ್ಲಿ ಲ್ಯಾಟಿನ್ ಎಲ್ಲಿಂದ ಬರಬೇಕು.

“ಹಾಡ್ತಾಳಾ?” ಎಂದು ಕೇಳಿದೆ.

“ಇಲ್ಲ ಮೇಡಂ. ನಮ್ಮತ್ತೆ ಒಂದಿನ ಹಬ್ಬಕ್ಕೆ ದೇವರ್ನಾಮ ಹೇಳು ಅಂದ್ರು. ಎದ್ದು ಒಳಗೆ ಹೋಗ್ಬಿಟ್ಳು. ಆಮೇಲೆ ನಾವ್ಯಾರೂ ಕೇಳಕ್ಕೆ ಹೋಗಿಲ್ಲ.” ಆಮೇಲೆ ಅವಳೇ, “ಇರಿ, ಇಲ್ಲೇ ಇದಾಳೆ, ಕೊಡ್ತೀನಿ” ಎಂದಳು.

ಸುಜಾತಾ ಫೋನ್ ಹಿಡಿದು ನಡೆಯುವ ಸದ್ದು ಕೇಳಿಸಿತು. ನಾನು ಎದ್ದು ನಿಂತೆ, ಯಾಕೋ. ಆಮೇಲೆ ಫೋನಿನಿಂದ ದೂರ, ಅವರ ಕೋಣೆಯ ಆ ತುದಿಯಿಂದ ಒಂದು ದನಿ ಬಂತು. ತಡವರಿಕೆಯಿಲ್ಲದ, ಇಂಗ್ಲಿಷಿನ ಸೋಂಕೂ ಇಲ್ಲದ, ಥೇಟು ಮೈಸೂರಿನ ಹೆಣ್ಣುಮಕ್ಕಳ ಕನ್ನಡ. ಯಾರೋ ಬೇರೆ ಹುಡುಗಿ ಎಂದುಕೊಂಡೆ.

“ನಾನ್ ಮನೇಲಿಲ್ಲ ಅಂತ ಹೇಳಮ್ಮ, ಬೇಜಾರ್ ಮಾಡ್ಕೊಳ್ಳಲ್ಲ ಅವ್ರು.”